ಗ್ರೈಂಡರ್ ಖಾಲಿ ಅಣ್ಣಾ

ಖಾಲಿ ಗ್ರೈಂಡರ್ ತಿರುಗುತ್ತಿತ್ತು. ಒಳಗೆ ಬೇಳೆಯಿಲ್ಲ, ಬೆಲ್ಲವಿಲ್ಲ. ಕಲ್ಲಿಗೆ ಕಲ್ಲು ತಾಗಿ ಕರಕರ ಅನ್ನುತ್ತಿತ್ತು. ಹಿತ್ತಲಿನ ತೊಳೆಯುವ ಕಟ್ಟೆಯಲ್ಲಿ ಹಂಡೆ ತಿಕ್ಕುತ್ತ ಚೂಡಾಮಣಿ ಆ ಸದ್ದನ್ನು ಎಷ್ಟೋ ಸಲ ಕೇಳಿದ್ದಳು. ಕೇಳಿದೊಡನೆ ಅವಳ ಕೈ ತಾನಾಗಿ ನಿಲ್ಲುತ್ತಿತ್ತು. ಒಳಗೆ ಯಾರಿಗೋ ಏಟು ಬೀಳುತ್ತದೆ ಎಂದು ಗೊತ್ತಾಗುತ್ತಿತ್ತು.

ಈ ಸಲ ಅವಳು ಕಟ್ಟೆಯಲ್ಲಿರಲಿಲ್ಲ. ಒಳಗೇ ಇದ್ದಳು. ಒಲೆಯ ಮುಂದೆ ನಿಂತಿದ್ದಳು. ಬಿದ್ದದ್ದು ಅವಳಿಗೇ.

ಮಗುಚುವ ಕೈಯಿಂದ ಹೊಡೆದ. ಒಬ್ಬಟ್ಟಿನ ಹೆಂಚಿನ ಮೇಲಿಂದ ಆಗ ತಾನೇ ಎತ್ತಿದ ಕಬ್ಬಿಣ. ಮುಂಗೈ ಮೇಲೆ ಉದ್ದಕ್ಕೆ ಒಂದು ಗೆರೆ ಎದ್ದಿತು. ಅವಳು ಕೂಗಿದಳು. ಆ ಕೂಗು ಗ್ರೈಂಡರಿನ ಸದ್ದಿನೊಳಗೆ ಹೋಯಿತು, ಹೊರಗೆ ಬರಲಿಲ್ಲ.

ಹೊಡೆದವನು ಬೋರಣ್ಣ. ಚಿಕ್ಕಲಸಂದ್ರದ ಹಳೇ ಊರಿನವನು. ಅವನಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವನ ಕಟ್ಟಡ ನಿಂತಿದೆ. ಮೇಲಿನ ಮಹಡಿಗಳಲ್ಲಿ ಬಾಡಿಗೆಯವರು, ಮೊದಲನೇ ಮಹಡಿಯಲ್ಲಿ ಅವನ ಸಂಸಾರ, ಕೆಳಗೆ 'ಸೊಣ್ಣಮ್ಮನ ಒಬ್ಬಟ್ಟಿನ ಮನೆ'. ಸೊಣ್ಣಮ್ಮ ಅವನ ತಾಯಿ. ಬೋರ್ಡಿನ ಮೇಲೆ ಆಕೆಯ ಫೋಟೊ ಇದೆ, ಮೂಗುಬೊಟ್ಟು ಹಾಕಿಕೊಂಡು ನಗುತ್ತಿದ್ದಾಳೆ. ಪದ್ಮನಾಭನಗರ, ಬನಶಂಕರಿ, ಜಯನಗರದಿಂದೆಲ್ಲ ಜನ ಬಂದು ಕಾರು ಅಡ್ಡಾದಿಡ್ಡಿ ನಿಲ್ಲಿಸಿ ಕೊಂಡುಹೋಗುತ್ತಾರೆ. ಗಾಜಿನ ಕೌಂಟರಿನ ಹಿಂದೆ ನಿಂತರೆ ಬೋರಣ್ಣನ ನಾಲಿಗೆ ಬೆಲ್ಲದ ಪಾಕ. "ಏನ್ ತಾಯಿ, ಮಂಡಿ ನೋವು ಹೆಂಗೈತೆ? ತುಪ್ಪ ಒಂದಿಷ್ಟು ಜಾಸ್ತಿ ಹಾಕ್ಸಿವ್ನಿ, ಜಾರಿ ಹೋಗ್ತದೆ."

ಅದೇ ಹಳೇ ಊರಿನ ಕೆಳಗಿನ ಕೇರಿಯವಳು ಚೂಡಾಮಣಿ. ಊರು ಹೋಯಿತು. ಕೆರೆ, ಹೊಲ, ಬೇಲಿ ಎಲ್ಲ ಹೋಗಿ ಅಪಾರ್ಟ್‌ಮೆಂಟು ಬಂದವು. ಕೇರಿ ಮಾತ್ರ ಹೋಗಲಿಲ್ಲ. ಅವಳು ತಿಕ್ಕಿದ ಹಂಡೆಯಲ್ಲಿ ಬೇಳೆ ಬೇಯಬಹುದು. ಬೆಂದ ಬೇಳೆಯನ್ನು ಅವಳು ಮುಟ್ಟಬಾರದು. ಹೀಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಹಿತ್ತಲ ಬಾಗಿಲಿಗೆ ಒಂದು ಹೊಸಿಲಿತ್ತು. ಮಸಿ ಹಂಡೆ ಹೊಸಿಲು ದಾಟಿ ಹೊರಗೆ ಬರುತ್ತಿತ್ತು, ಬೆಳಗಿದ ಹಂಡೆ ಒಳಗೆ ಹೋಗುತ್ತಿತ್ತು. ಅವಳು ಹೋಗುತ್ತಿರಲಿಲ್ಲ.

ಅವತ್ತು ಹೋದಳು. ಗೌರಿ ಹಬ್ಬಕ್ಕೆ ಇನ್ನೊಂದು ವಾರವಿತ್ತು. ಹೆಂಗಸರೆಲ್ಲ ಮುಂದೆ ಸೀಮಂತದ ಆರ್ಡರು ಪ್ಯಾಕ್ ಮಾಡುತ್ತಿದ್ದರು. ಹೂರಣ ಕಾಯಿಸುತ್ತಿದ್ದ ಅಡುಗೆಯ ಚಿದಾನಂದ್ ಫೋನು ಕಿವಿಗಿಟ್ಟುಕೊಂಡು ರಸ್ತೆಗೆ ಹೋಗಿದ್ದ. ಸೀದ ವಾಸನೆ ಬಂತು. ಚೂಡಾಮಣಿ ಕೂಗಿದಳು, ಯಾರೂ ಬರಲಿಲ್ಲ. ಕೈ ತೊಳೆದಳು. ಹೊಸಿಲು ದಾಟಿದಳು. ಗ್ಯಾಸ್ ಸಣ್ಣ ಮಾಡಿ, ಬಿಸಿನೀರು ಹಾಕಿ, ತಳ ಕೆದಕದೆ ಮೇಲುಮೇಲೆ ತಿರುವಿದಳು. ಹೂರಣ ಉಳಿಯಿತು.

ಬೋರಣ್ಣ ಒಳಗೆ ಬಂದ. ಹೂರಣ ನೋಡಲಿಲ್ಲ. ಅವಳ ಕಾಲು ನೋಡಿದ, ಸೌಟು ಹಿಡಿದ ಕೈ ನೋಡಿದ. ಬೈಯಲಿಲ್ಲ, ಕೂಗಲಿಲ್ಲ. ನೆಟ್ಟಗೆ ಗೋಡೆಯ ಹತ್ತಿರ ಹೋಗಿ ಗ್ರೈಂಡರಿನ ಸ್ವಿಚ್ ಹಾಕಿದ. ಆಮೇಲೆ ಮಗುಚುವ ಕೈ ತೆಗೆದುಕೊಂಡ.

ಆ ಹೂರಣವನ್ನು ಅವನು ಚೆಲ್ಲಲಿಲ್ಲ. ಅದು ಒಬ್ಬಟ್ಟಾಯಿತು. ಮಾರಾಟವಾಯಿತು.

*

ಕೌಂಟರಿನಲ್ಲಿ ಬಿಲ್ ಹಾಕುವ ಚೈತ್ರ ಬಿ.ಕಾಂ. ಓದಿದವಳು. ಸಂಜೆ ಚೂಡಾಮಣಿಯ ಕೈ ನೋಡಿ ಅವಳ ಮುಖ ಬಿಳಿಚಿಕೊಂಡಿತು. ಒಂದು ಮಾತಾಡುವ ಮೊದಲು ಅದನ್ನು ನಾಲ್ಕು ಸಲ ಒಳಗೇ ಆಡಿನೋಡುವ ಹುಡುಗಿ ಅವಳು. ಹಾಗೆ ಆಡಿನೋಡಿಕೊಂಡೇ ಬೋರಣ್ಣನ ಮುಂದೆ ಹೋಗಿ ನಿಂತಳು. ಹಿತ್ತಲ ಬಾಗಿಲಲ್ಲಿ ನಿಂತ ಚೂಡಾಮಣಿಗೆ ಎಲ್ಲ ಕೇಳಿಸುತ್ತಿತ್ತು.

"ಅಣ್ಣ, ಚೂಡಾಮಣಿ ಅಕ್ಕಂಗೆ ಕೈ ಮೇಲೆ..."

"ನಾನು ಕೈ ಎತ್ತಿಲ್ಲಮ್ಮ," ಅಂದ ಬೋರಣ್ಣ. "ಕೈಲಿದ್ದ ಕೈ ತಗುಲ್ತು, ಅಷ್ಟೇಯ."

"ಕೆಲಸದ ಜಾಗದಲ್ಲಿ ಹೊಡೆಯೋದು ಅಪರಾಧ ಅಣ್ಣ. ಅದಕ್ಕೆ ಕಾನೂನಿದೆ."

ಬೋರಣ್ಣನಿಗೆ ಸಿಟ್ಟು ಬರಲಿಲ್ಲ. ನಗು ಬಂತು. "ಕೆಲ್ಸದ ಜಾಗನಾ? ಯಾವ್ದಮ್ಮ ಕೆಲ್ಸದ ಜಾಗ? ಹೊರಗೋಗಿ ಬೋರ್ಡ್ ಓದು. ಫ್ಯಾಕ್ಟ್ರಿ ಅಂತ ಬರ್ದೈತಾ? ಮನೆ ಅಂತ ಬರ್ದೈತೆ. ಈಗ ಹೇಳು, ನೀವೆಲ್ಲ ನನ್ನ ಏನಂತ ಕರೀತೀರ?"

ಚೈತ್ರ ಹಿತ್ತಲ ಬಾಗಿಲ ಕಡೆ ನೋಡಿದಳು.

"ಬಾಯ್ಬುಟ್ಟು ಹೇಳಮ್ಮ."

"ಅಣ್ಣ ಅಂತ."

"ಅಣ್ಣ ಅಂದ್ಮೇಲೆ ತಂಗೀರಿಗೆ ಒಂದೇಟು ಹಾಕೋ ಹಕ್ಕಿಲ್ವಾ? ಹೊಟ್ಟೆಗ್ ಹಾಕೋನು ನಾನು, ಬೆನ್ನಿಗ್ ಹಾಕಾಕೆ ಬೇರೆಯೋನು ಬರ್ಬೇಕಾ?"

ಇಷ್ಟು ಹೇಳಿ ಅವನು ಬಾಗಿಲಿಗೆ ಬಂದ ಗಿರಾಕಿಯ ಕಡೆ ತಿರುಗಿದ. "ಬನ್ನಿ ತಾಯಿ, ಬನ್ನಿ. ಕಾಯಿ ಒಬ್ಬಟ್ಟು ಈಗ್ತಾನೇ ಇಳ್ದದೆ."

ಆ ರಾತ್ರಿ ಮನೆಯಲ್ಲಿ ಚೂಡಾಮಣಿಯ ಮಗಳು ಕೈಗೆ ಮುಲಾಮು ಹಚ್ಚುತ್ತ, "ಆ ಕೆಲ್ಸ ಬಿಟ್ಬಿಡಮ್ಮ," ಅಂದಳು. ಚೂಡಾಮಣಿಗೆ ಕೆಲಸ ಬೇಕಿತ್ತು. ಏಟು ಬೇಡವಾಗಿತ್ತು. ಎರಡರಲ್ಲಿ ಒಂದನ್ನೇ ಆರಿಸಿಕೋ ಅನ್ನುವುದು ಯಾವ ಊರಿನ ನ್ಯಾಯ? ಹೊಡೆದವನು ತನ್ನ ಜಾಗದಲ್ಲೇ ಇರುತ್ತಾನೆ. ಹೊಡೆಸಿಕೊಂಡವಳು ಬೇರೆ ಜಾಗ ಹುಡುಕಬೇಕು. ಅವಳಿಗೆ ಉರಿದದ್ದು ಕೈಯಷ್ಟೇ ಅಲ್ಲ.

*

ಮಾರನೇ ದಿನ ಊಟದ ಹೊತ್ತಿಗೆ ಸಂಗೀತಾ ತನ್ನ ಡಬ್ಬಿ ಎತ್ತಿಕೊಂಡು ಹೊಸಿಲು ದಾಟಿ ಹಿತ್ತಲಿಗೆ ಬಂದಳು. ಒಬ್ಬಟ್ಟು ತಟ್ಟುವವರಲ್ಲಿ ಅವಳದೇ ದೊಡ್ಡ ಬಾಯಿ, ಅವಳದೇ ತೆಳ್ಳನೆಯ ಒಬ್ಬಟ್ಟು. ಅವಳ ಹಿಂದೆ ಉಳಿದವರೂ ಬಂದರು. ಕೊನೆಗೆ ಚೈತ್ರ. ಇಷ್ಟು ದಿನ ಚೂಡಾಮಣಿ ಒಬ್ಬಳೇ ಉಣ್ಣುತ್ತಿದ್ದ ಕಟ್ಟೆಯ ಮೇಲೆ ಜಾಗ ಸಾಲದೆ ಒಬ್ಬರ ಮಂಡಿ ಇನ್ನೊಬ್ಬರಿಗೆ ತಾಗಿತು.

"ಜರುಗಕ್ಕ," ಅಂದಳು ಸಂಗೀತಾ. "ರಾಣಿ ಥರ ಇಡೀ ಕಟ್ಟೆ ಹಿಡ್ಕೊಂಡಿದೀಯ."

ಚೂಡಾಮಣಿ ಹೆಚ್ಚು ಮಾತಿನವಳಲ್ಲ. ಹಂಡೆಯ ಜತೆ ಮಾತಾಡಿ ಅಭ್ಯಾಸ. ಆದರೂ ಆ ದಿನ ಹೇಳಿದಳು.

"ಅವ್ನು ಹೊಡ್ಯೋ ಮುಂಚೆ ಗ್ರೈಂಡರ್ ಹಾಕ್ತಾನೆ. ನೋಡಿದೀರಾ?"

ಎಲ್ಲರ ಕೈ ಡಬ್ಬಿಯಲ್ಲೇ ನಿಂತಿತು.

"ನಾನು ಇಲ್ಲಿಂದ ಕೇಳ್ತಾನೇ ಇರ್ತೀನಿ. ತುಂಬಿದ್ರೆ ಅದ್ರ ಸದ್ದು ಗುಂಯ್ ಅಂತದೆ. ಖಾಲಿ ಇದ್ರೆ ಕರಕರ. ಕರಕರ ಅಂದಾಗೆಲ್ಲ ನಿಮ್ಮಲ್ಲಿ ಯಾರಾದ್ರೂ ಕಣ್ಣೊರೆಸ್ಕೊಂಡು ನೀರ್ ಕುಡ್ಯಕ್ಕೆ ಇಲ್ಲಿಗೆ ಬರ್ತೀರ."

"ಹೌದು ಕಣೇ," ಅಂದಳು ಸಂಗೀತಾ ಮೆಲ್ಲಗೆ. "ನಂಗೆ ಬೆನ್ನಿಗೆ ಗುದ್ದಿದಾಗ್ಲೂ ತಿರುಗ್ತಿತ್ತು. ಕಣಕಕ್ಕೆ ಉಪ್ಪು ಮರ್ತಿದ್ದೆ ಅವತ್ತು. ನಂದೇ ತಪ್ಪು ಅಂದ್ಕೊಂಡು ಮನೇಲೂ ಹೇಳ್ಲಿಲ್ಲ."

ಒಬ್ಬೊಬ್ಬರೇ ಹೇಳಿದರು. ಒಬ್ಬಳು ಎಣ್ಣೆ ಚೆಲ್ಲಿದ್ದಳು. ಒಬ್ಬಳು ತಡವಾಗಿ ಬಂದಿದ್ದಳು. ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಏಟಿತ್ತು, ಆ ಏಟಿಗೆ ತಮ್ಮದೇ ಒಂದೊಂದು ಕಾರಣವಿತ್ತು. ಏಟು ಕೊಟ್ಟವನ ಕಾರಣ ಯಾರ ಹತ್ತಿರವೂ ಇರಲಿಲ್ಲ.

"ಸಿಟ್ಟಲ್ಲಿ ಹೊಡೀತಾನೆ ಅಂದ್ಕೊಂಡಿದ್ದೆ," ಅಂದಳು ಚೈತ್ರ.

"ಸಿಟ್ಟು ಬಂದೋನಿಗೆ ಸ್ವಿಚ್ ಹುಡುಕೋ ತಾಳ್ಮೆ ಇರ್ತದಾ?" ಅಂದಳು ಚೂಡಾಮಣಿ. "ಚಿದಾನಂದ್ ಒಂದು ಹಂಡೆ ಹೂರಣ ಇದ್ದಲು ಮಾಡಿದ್ನಲ್ಲ, ಅವತ್ತು ಏನಂದ? 'ಹೋಗ್ಲಿ ಬುಡು ಗುರು, ದೃಷ್ಟಿ ಆಗಿರ್ಬೇಕು' ಅಂದ. ನಿಂಗೆ ಯಾವತ್ತಾದ್ರೂ ಹೊಡ್ದಿದಾನಾ ಚೈತ್ರ?"

"ಇಲ್ಲ."

"ನಿನ್ ಮುಂದೆ ಗಾಜಿದೆ. ಜನ ನೋಡ್ತಾರೆ. ಅವ್ನ ಸಿಟ್ಟಿಗೆ ಚೆನ್ನಾಗಿ ಕಣ್ಣು ಕಾಣ್ಸುತ್ತೆ."

ಯಾರೂ ನಗಲಿಲ್ಲ. ಆದರೆ ಎಲ್ಲರ ಬೆನ್ನೂ ಒಂದಿಷ್ಟು ನೆಟ್ಟಗಾಯಿತು. ತಪ್ಪು ಉಪ್ಪಿನದಾಗಿರಲಿಲ್ಲ.

"ಸ್ಟೇಷನ್ನಿಗೆ ಹೋಗ್ಬಹುದು," ಅಂದಳು ಚೈತ್ರ. "ನಾನು ಬರ್ತೀನಿ. ಕಂಪ್ಲೇಂಟ್ ನಾನೇ ಬರೀತೀನಿ."

"ಹೋಗೋಣ," ಅಂದಳು ಚೂಡಾಮಣಿ. "ಆದ್ರೆ ಅಲ್ಲೂ ಅವ್ನು ಹಿಂಗೇ ನಗ್ತಾನೆ. ಮನೆ ವಿಷ್ಯ ಸಾರ್, ಅಣ್ಣ ತಂಗೀರ ಜಗಳ ಅಂತಾನೆ. ಅವ್ರೂ ಹೌದಾ ಅಂತ ಕಾಫಿ ತರಿಸ್ತಾರೆ. ಮೊದ್ಲು ಈ ಅಣ್ಣ ಅನ್ನೋದಕ್ಕೊಂದು ದಾರಿ ನೋಡ್ಬೇಕು."

"ಅದೇನು ಮಹಾ? ಇವತ್ತಿಂದ ಯಾರೂ ಅಣ್ಣ ಅನ್ಬೇಡಿ," ಅಂದಳು ಸಂಗೀತಾ.

"ಮತ್ತೇನಂತ ಕರೆಯೋದು?"

"ಹೆಸರು ಹಿಡ್ದು ಕರೆಯೋಣ."

"ಹೆಸರಲ್ಲೇ ಅಣ್ಣ ಇದಾನಲ್ಲೇ! ಬೋರಣ್ಣ!"

ಎಲ್ಲರೂ ಒಂದು ಕ್ಷಣ ಯೋಚಿಸಿದರು. ನಿಜ. ಹುಟ್ಟುವಾಗಲೇ ಅಣ್ಣನನ್ನು ಹೆಸರಿಗೆ ಹೊಲಿಸಿಕೊಂಡು ಬಂದಿದ್ದ ಆಸಾಮಿ.

"ಅಣ್ಣನ್ನ ಕಿತ್ತಾಕಿ," ಅಂದಳು ಸಂಗೀತಾ. "ಏನುಳೀತು?"

"ಬೋರ."

"ಬೋರ! ಬೋರ ಸಾರ್!"

"ಬೋರ್ ಸಾರ್! ತುಂಬಾ ಬೋರ್ ಸಾರ್!"

ಒಬ್ಬಳಿಗೆ ಅನ್ನ ನೆತ್ತಿಗೇರಿತು. ಇನ್ನೊಬ್ಬಳು ಅವಳ ತಲೆ ತಟ್ಟುತ್ತ ತಾನೇ ನಕ್ಕು ಉರುಳಿದಳು. ಒಳಗಿಂದ ಚಿದಾನಂದ್ ಇಣುಕಿ, "ಏನ್ರಕ್ಕ, ನಂಗೂ ಹೇಳ್ರಿ," ಅಂದ. "ನಿಂಗಲ್ಲ ಹೋಗೋ, ನೀನು ಫೋನಲ್ಲಿ ಮಾತಾಡ್ಕೊ," ಅಂತ ಓಡಿಸಿದರು.

ನಗು ಇಳಿದ ಮೇಲೆ ಚೂಡಾಮಣಿ ಕೇಳಿದಳು. "ಅಣ್ಣನ್ನ ಕೀಳೋದು ಬೇಡ. ಪೂರ್ತಿ ಇಟ್ಕೊಳ್ಳೋಣ. ಗೌರಿ ಹಬ್ಬಕ್ಕೆ ತಂಗೀರು ಎಲ್ಲಿಗೆ ಹೋಗ್ತಾರೆ?"

"ತವರಿಗೆ."

"ತವರಲ್ಲಿ ಏನ್ ಮಾಡ್ತಾರೆ?"

"ಏನೂ ಮಾಡಲ್ಲ. ಕಾಲು ನೀಡ್ಕೊಂಡು ಕೂತ್ಕೊಂಡು ತಿಂತಾರೆ. ಅದಕ್ಕೇ ತಾನೇ ಹೋಗೋದು..." ಸಂಗೀತಾಳ ಬಾಯಿ ಅರ್ಧಕ್ಕೆ ನಿಂತಿತು. ಕಣ್ಣು ಅಗಲವಾಯಿತು. "ಅಯ್ಯೋ ಅಕ್ಕ! ಹಬ್ಬದ ದಿನವಾ? ಬೆಳಗ್ಗೆನೇ ಇಲ್ಲಿಂದ ಸರ್ಕಲ್‌ವರೆಗೂ ಕ್ಯೂ ಇರುತ್ತಲ್ಲ!"

"ಇರ್ಲಿ. ಅಣ್ಣ ಇದಾನಲ್ಲ ನೋಡ್ಕೊಳಕ್ಕೆ."

*

ಹಬ್ಬದ ಬೆಳಗ್ಗೆ ಚೂಡಾಮಣಿ ಬೇಗ ಎದ್ದು ತಲೆಗೆ ನೀರು ಹಾಕಿಕೊಂಡಳು. ಮಗಳು ಅವಳ ಮದುವೆಯ ಹಸಿರು ರೇಷ್ಮೆ ಸೀರೆ ತೆಗೆದುಕೊಟ್ಟು ನೆರಿಗೆ ಹಿಡಿದಳು, ತಲೆಗೆ ಸೇವಂತಿಗೆ ಮುಡಿಸಿದಳು. ಚೂಡಾಮಣಿ ತುಂಬುತೋಳಿನ ರವಿಕೆ ತೊಡುತ್ತೇನೆಂದರೆ ಮಗಳು ಬೇಡವೆಂದಳು. "ಗೆರೆ ಕಾಣ್ಲಿ ಅಮ್ಮ." ದಾರಿಯುದ್ದಕ್ಕೂ ಚೂಡಾಮಣಿಗೆ ಅನ್ನಿಸುತ್ತಿತ್ತು: ಉಳಿದವರು ಬರದಿದ್ದರೆ? ಬಂದು, ಬೋರಣ್ಣನ ಮುಖ ನೋಡಿ ಅಡುಗೆಮನೆಗೆ ನುಗ್ಗಿಬಿಟ್ಟರೆ? ಇನ್ನೂ ಒಂದು ಯೋಚನೆಯಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಉಳಿದವರನ್ನೆಲ್ಲ ಅವನು 'ಏನ್ ತಂಗಿ, ಬಾ ತಂಗಿ' ಅನ್ನುತ್ತಿದ್ದ. ಅವಳನ್ನು ಒಂದು ಸಲವೂ ಹಾಗೆ ಕರೆದಿರಲಿಲ್ಲ. ಅವಳ ಹೆಸರು 'ಏಯ್'.

ಅಂಗಡಿಯ ಮುಂದೆ ಆಗಲೇ ಸಾಲು ಬೆಳೆದಿತ್ತು. ಪಕ್ಕದ ಮೆಟ್ಟಿಲ ಬುಡದಲ್ಲಿ ರೇಷ್ಮೆ ಸೀರೆಗಳು ಗುಂಪಾಗಿ ನಿಂತಿದ್ದವು. ಎಲ್ಲರೂ ಬಂದಿದ್ದರು. ಹೆಣ್ಣು ತವರಿಗೆ ಬರಿಗೈಯಲ್ಲಿ ಬರುತ್ತದೆಯೇ? ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಹೂವು, ವೀಳ್ಯದೆಲೆ. ಚೈತ್ರಳೂ ಕೌಂಟರ್ ಬಿಟ್ಟು ಬಂದಿದ್ದಳು, ಹೂವಿನ ಪೊಟ್ಟಣ ಬೀಳದಂತೆ ಎದೆಗೆ ಒತ್ತಿಕೊಂಡಿದ್ದಳು.

"ನಡೀರಿ ತವರಿಗೆ," ಅಂತ ಸಂಗೀತಾ ಮೆಟ್ಟಿಲು ಹತ್ತಿದಳು.

ಬಾಗಿಲು ತೆಗೆದವಳು ಸೊಣ್ಣಮ್ಮ. ಬೋರ್ಡಿನ ಮೇಲಿನ ಅದೇ ಮೂಗುಬೊಟ್ಟು. ನಗು ಮಾತ್ರ ಇರಲಿಲ್ಲ.

"ಯಾರವ್ವ ನೀವು? ಅಂಗಡಿ ಕೆಳಗೈತೆ."

"ಅಂಗಡಿಗೆ ಬಂದಿಲ್ಲ ಅಮ್ಮ, ತವರಿಗೆ ಬಂದಿದೀವಿ," ಅಂದಳು ಸಂಗೀತಾ. "ನಿಮ್ಮ ಮಗ ನಮ್ಗೆಲ್ಲ ಅಣ್ಣ. ಅವ್ರೇ ಹೇಳ್ತಿರ್ತಾರೆ, ಇದು ಮನೆ, ನೀವು ತಂಗೀರು ಅಂತ. ಗೌರಿ ಹಬ್ಬ ಅಲ್ವಾ, ಬಂದ್ವಿ."

ಮುದುಕಿ ಒಬ್ಬೊಬ್ಬರನ್ನೇ ನೋಡಿದಳು. ಹೂವು ನೋಡಿದಳು, ಹಣ್ಣು ನೋಡಿದಳು. ಬಾಗಿಲ ಚೌಕಟ್ಟು ಹಿಡಿದ ಕೈ ಸಡಿಲವಾಯಿತು. "ಏಸು ವರ್ಷ ಆಗಿತ್ತವ್ವ ಈ ಬಾಗ್ಲಿಗೆ ಹೆಣ್ಮಕ್ಳು ಬಂದು," ಅಂದಳು. "ಬೋರ ಇಷ್ಟು ಜನ ತಂಗೀರ್ನ ಮಾಡ್ಕಂಡವ್ನಾ? ಇದ್ದ ಒಬ್ಳನ್ನ..." ಅಲ್ಲಿಗೆ ನಿಲ್ಲಿಸಿ, "ಬನ್ನಿ, ಬನ್ನಿ," ಅಂದಳು.

ಎಲ್ಲರೂ ಒಳಗೆ ಹೋದರು. ಚೂಡಾಮಣಿ ಕೊನೆಯ ಮೆಟ್ಟಿಲ ಮೇಲೆ ನಿಂತಳು. ಎದುರಿಗೊಂದು ಹೊಸಿಲು, ಅರಿಶಿನ ಬಳಿದು ಕುಂಕುಮವಿಟ್ಟ ಹೊಸಿಲು.

ಸೊಣ್ಣಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ನೀನು ಕೆಳಗಿನ ಕೇರಿಯೋಳಲ್ವಾ?"

"ಹೌದು."

ಸೊಣ್ಣಮ್ಮ ಆ ಹಳೇ ಊರಿನವಳೇ. ಕೇರಿಯವರ ಬೊಗಸೆಗೆ ಮೇಲಿಂದ ನೀರು ಹುಯ್ದ ಕೈ ಅದು. ಒಳಗೆ ಸೀರೆಗಳ ಸರಬರ ನಿಂತಿತು. ಎಲ್ಲರೂ ಹಿಂತಿರುಗಿ ನೋಡುತ್ತಿದ್ದರು.

"ನಾನೂ ತಂಗೀನೇ ಅಮ್ಮ," ಅಂದಳು ಚೂಡಾಮಣಿ. ಮಾತು ನೆಟ್ಟಗೆ ಬಂತು. "ಇವ್ರನ್ನೆಲ್ಲ ಬಾಯಲ್ಲಿ ಕರ್ದು ತಂಗಿ ಮಾಡ್ಕೊಂಡ್ರು. ನನ್ನ ಕರೀಲಿಲ್ಲ. ಹೊಡ್ದು ಮಾಡ್ಕೊಂಡ್ರು. ತಂಗೀರಿಗೆ ಹೊಡ್ಯೋ ಹಕ್ಕು ಅಣ್ಣಂದು ಅಂತ ಅವ್ರೇ ಹೇಳಿದಾರೆ." ಅವಳು ಕೈ ಮುಂದೆ ಚಾಚಿದಳು.

ಮುದುಕಿ ಆ ಕೈ ಹಿಡಿದುಕೊಂಡಳು. ಹೆಬ್ಬೆರಳಿನಿಂದ ಗೆರೆಯ ಪಕ್ಕಕ್ಕೆ ಸವರಿದಳು, ಗೆರೆಗೆ ತಾಗಿಸದೆ.

"ಮಗುಚೋ ಕೈ," ಅಂದಳು.

"ಹೌದು."

"ನನ್ ಮಗ್ಳಿಗೂ ಇದ್ರಲ್ಲೇ ಬುಟ್ಟಿದ್ದ. ಅಣ್ಣ ಅಲ್ವಾ, ಸಿಟ್ಟು ಬಂದದೆ, ಬುಡು ಅಂದೆ ನಾನು. ಅವತ್ತು ಹೋದೋಳು ಇವತ್ಗೂ ಬಂದಿಲ್ಲ." ಆಕೆಯ ಮೂಗುಬೊಟ್ಟು ಅದುರಿತು. ಕೈ ಬಿಡಲಿಲ್ಲ. "ಬಾ. ಹೊಸ್ಲು ದಾಟು."

ಚೂಡಾಮಣಿ ದಾಟಿದಳು.

*

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಬೋರಣ್ಣ ಬಾಗಿಲಲ್ಲಿ ನಿಂತ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಮಗುಚುವ ಕೈ.

"ಏನ್ರಮ್ಮಿ ಇದು! ಕೆಳಗೆ ಜನ ಕ್ಯೂ ನಿಂತವ್ರೆ, ಡೆಲಿವರಿ ಹುಡುಗ್ರು ಹಾರ್ನ್ ಹೊಡೀತಾವ್ರೆ, ನೀವಿಲ್ಲಿ..."

ಅವರು ಅಲ್ಲಿ ಕಾಲು ನೀಡಿಕೊಂಡು ಕೂತಿದ್ದರು. ಚಾಪೆಯ ತುಂಬ ಕಾಲುಂಗುರ.

"ಹಬ್ಬದ ದಿನ ತಂಗೀರ್ನ ಹಿಂಗಾ ಮಾತಾಡ್ಸೋದು ಅಣ್ಣ?" ಅಂದಳು ಸಂಗೀತಾ.

"ಬಂದೋರಿಗೆ ಮೊದ್ಲು ನೀರು ಕೊಡ್ತಾರಣ್ಣ," ಅಂದಳು ಇನ್ನೊಬ್ಬಳು.

"ಅಣ್ಣ, ಆ ಫ್ಯಾನ್ ಸ್ವಲ್ಪ ಜೋರು ಮಾಡಣ್ಣ."

ಅವನ ಕಣ್ಣು ಚೂಡಾಮಣಿಯ ಮೇಲೆ ಬಿತ್ತು. ಸೊಣ್ಣಮ್ಮನ ಪಕ್ಕದಲ್ಲಿ, ಸೊಣ್ಣಮ್ಮನ ಚಾಪೆಯ ಮೇಲೆ ಅವಳು ಕೂತಿದ್ದಳು. "ಏಯ್! ನೀನ್ಯಾಕೆ ಒಳಗೆ..."

"ಎಲೆ ಹಾಕು ಬೋರ," ಅಂದಳು ಸೊಣ್ಣಮ್ಮ.

"ಅವ್ವ, ನಿಂಗೆ ಗೊತ್ತಾಗಲ್ಲ, ಇವ್ರು ನಾಟ್ಕ ಆಡ್ತಾವ್ರೆ!"

"ನಿನ್ ಹೆಂಡ್ತಿ ಅವಳ ತವರಿಗೆ ಹೋಗಿ ಕೂತವ್ಳೆ. ನನ್ನ ಸೊಂಟ ಬಗ್ಗಲ್ಲ. ಮನೆಗ್ ಬಂದ ಹೆಣ್ಮಕ್ಳನ್ನ ಹಸ್ಕಂಡು ಕಳ್ಸಿದ್ರೆ ಆ ಬೋರ್ಡಿಂದ ನನ್ ಫೋಟೊ ಕಿತ್ತಾಕ್ತೀನಿ. ನೀನೇ ಮಾಡು, ನೀನೇ ಬಡ್ಸು. ಆ ಕೈ ಇಲ್ಲೇ ಮಡಗು."

ಬೋರಣ್ಣ ಮಗುಚುವ ಕೈ ಕೆಳಗಿಡಬೇಕಾಯಿತು. ಅದರ ಕಬ್ಬಿಣ ನೆಲಕ್ಕೆ ತಾಗಿ ಠಣ್ ಅಂದಿತು. ಅವನು ಇಳಿದುಹೋದ.

ಬಾಲ್ಕನಿಯಿಂದ ಎಲ್ಲ ಕೇಳುತ್ತಿತ್ತು. "ಚಿದಾನಂದ, ತಟ್ಟೋ!" "ನಂಗೆ ತಟ್ಟಕ್ ಬರಲ್ಲ ಅಣ್ಣ, ಹೂರಣ ಅಷ್ಟೇ ನಂದು." ಆಮೇಲೆ ಬೋರಣ್ಣನೇ ತಟ್ಟಿದ. ಹೆಂಚಿನ ಮೇಲೆ ಹೂರಣ ಹರಿದು ಹೊತ್ತಿದ ವಾಸನೆ ಮೇಲಿನವರೆಗೂ ಬಂತು. ಸಂಗೀತಾ ಮೂಗು ಅರಳಿಸಿ, "ಹರಿದೋಯ್ತು," ಅಂದಳು. ಮತ್ತೆ ಮೂಸಿ, "ಇದೂ ಹರಿದೋಯ್ತು," ಅಂದಳು. ಸಾಲಿನಲ್ಲಿ ನಿಂತ ಒಬ್ಬರು ಹೆಂಗಸು ಕೇಳುತ್ತಿದ್ದರು: "ಏನ್ರೀ ಬೋರಣ್ಣ, ಇದು ಒಬ್ಬಟ್ಟಾ, ಉಪ್ಪಿಟ್ಟಾ?"

ನಗು ಇನ್ನೂ ಮುಗಿದಿರಲಿಲ್ಲ. ಆಗ ಆ ಸದ್ದು ಬಂತು.

ಕರಕರ.

ಎಲ್ಲರೂ ಒಟ್ಟಿಗೇ ಸುಮ್ಮನಾದರು. ಒಬ್ಬಳ ಕೈ ತಾನಾಗಿ ಬೆನ್ನಿಗೆ ಹೋಯಿತು. ಕೆಳಗೆ ಒಳಗಡೆ ಇದ್ದವನು ಚಿದಾನಂದ್ ಒಬ್ಬನೇ. ಹೊಡೆಸಿಕೊಳ್ಳುವವರು ಮೇಲೆ ಬಂದು ಕೂತರೆ, ಕೈಗೆ ಸಿಕ್ಕವನೇ ತಂಗಿ.

ಚೂಡಾಮಣಿ ಎದ್ದಳು. ಬಾಲ್ಕನಿಗೆ ಹೋದಳು. ಅವಳು ಜೋರಾಗಿ ಮಾತಾಡಿದ್ದನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ. ಕಂಬಿ ಹಿಡಿದು ಬಗ್ಗಿ ಕೂಗಿದಳು.

"ಅಣ್ಣಾ! ಗ್ರೈಂಡರ್ ಖಾಲಿ!"

ಸಾಲಿನಲ್ಲಿದ್ದವರೆಲ್ಲ ತಲೆ ಎತ್ತಿದರು.

"ಗ್ರೈಂಡರ್ ಖಾಲಿ ಅಣ್ಣಾ!" ಸಂಗೀತಾ ಬಂದು ಪಕ್ಕದಲ್ಲಿ ನಿಂತಳು. ಆಮೇಲೆ ಎಲ್ಲರೂ. ಕಂಬಿಯುದ್ದಕ್ಕೂ ರೇಷ್ಮೆ ಸೀರೆ, ಸೇವಂತಿಗೆ, ಒಂದೇ ಕೂಗು. ಚೈತ್ರಳ ಸಣ್ಣ ದನಿಯೂ ಅದರಲ್ಲಿತ್ತು. ಡೆಲಿವರಿ ಹುಡುಗರಿಗೆ ಅರ್ಥವಾಗಲಿಲ್ಲ, ಆದರೂ ಕೂಗಿದರು. "ಖಾಲಿ ಅಂತೆ ಅಣ್ಣಾ!" ಸಾಲಿನ ಜನ ಕ್ಯೂ ಮುರಿದು ಕೌಂಟರಿನೊಳಕ್ಕೆ ಇಣುಕಿದರು.

ಗ್ರೈಂಡರ್ ನಿಂತಿತು.

ಚಿದಾನಂದ್ ಅಂಗಡಿಯಿಂದ ಓಡಿಬಂದು ರಸ್ತೆಯಲ್ಲಿ ನಿಂತು ಮೇಲೆ ನೋಡಿದ. ಹಿಟ್ಟು ಮೆತ್ತಿದ ಎರಡೂ ಕೈ ಎತ್ತಿ ಮುಗಿದ. "ಅಕ್ಕಂದ್ರಾ, ಬದುಕಿಸಿದ್ರಿ! ಇನ್ಮೇಲೆ ಫೋನ್ ಮುಟ್ಟಲ್ಲ!"

*

ಬೋರಣ್ಣ ಹರಿದ ಒಬ್ಬಟ್ಟುಗಳ ತಟ್ಟೆ ಹಿಡಿದು ಮೇಲೆ ಬಂದ. ಮುಖದ ಮೇಲೆ ಹಿಟ್ಟು, ಬೆರಳಿಗೆಲ್ಲ ಬೊಬ್ಬೆ. ಎಲೆ ಹಾಕಿದ. ಬಗ್ಗಿ ಬಡಿಸಿದ. ಚೂಡಾಮಣಿಯ ಎಲೆಯ ಮುಂದೆ ಒಂದು ಕ್ಷಣ ನಿಂತ. ಸೊಣ್ಣಮ್ಮ ಕೆಮ್ಮಿದಳು. ಬಡಿಸಿದ.

"ತುಪ್ಪ," ಅಂದಳು ಚೂಡಾಮಣಿ.

ತುಪ್ಪವನ್ನೂ ಹಾಕಿದ.

ಒಬ್ಬಟ್ಟು ಸೀದಿತ್ತು. ಆದರೂ ಉಂಡರು, ಬೆರಳು ನೆಕ್ಕಿಕೊಂಡು ಉಂಡರು. ಕೈ ತೊಳೆದ ಮೇಲೆ ಬೋರಣ್ಣ ತಾಯಿಯ ಕಡೆ ನೋಡದೆ ನೆಲ ನೋಡಿಕೊಂಡು, "ತಪ್ಪಾಯ್ತು," ಅಂದ. "ಜನ ಬಾಯಿಗ್ ಬಂದಂಗೆ ಬೈತಾವ್ರೆ. ಇನ್ನಾದ್ರೂ ಕೆಳಕ್ ಬನ್ನಿ ತಂಗೀರಾ."

ಯಾರೂ ಏಳಲಿಲ್ಲ. ಎಲ್ಲರೂ ಚೂಡಾಮಣಿಯನ್ನು ನೋಡಿದರು.

"ತಂಗೀರು ಉಂಡ್ರು, ಹೊರಟ್ರು," ಅಂದಳು ಅವಳು. "ತವರು ಮುಗೀತು. ಈಗ ಕೆಳಗೆ ಬರೋರು ಕೆಲಸದೋರು. ಬೋರ್ಡಲ್ಲಿ ನೀವು ಏನ್ ಬೇಕಾದ್ರೂ ಬರ್ಸ್ಕೊಳ್ಳಿ, ನಮ್ಗೆ ಅದು ಕೆಲಸದ ಜಾಗ. ಕೆಲಸದೋರಿಗೆ ಯಾರೂ ಹೊಡ್ಯಂಗಿಲ್ಲ. ಕೈಲೂ ಇಲ್ಲ, ಕೈಲಿರೋ ಕೈಲೂ ಇಲ್ಲ."

"ಹೊಡೆದ್ರೆ ಸ್ಟೇಷನ್," ಅಂದಳು ಚೈತ್ರ. ಈ ಸಲ ಒಳಗೆ ಆಡಿನೋಡಿಕೊಳ್ಳಲಿಲ್ಲ. "ಯಾರಿಗೆ ಹೊಡೆದ್ರೂ ಅಷ್ಟೆ. ಎಲ್ಲರೂ ಒಟ್ಟಿಗೇ ಹೋಗ್ತೀವಿ. ಅಲ್ಲಿ ಅಣ್ಣ ತಂಗಿ ಅಂತ ಹೇಳಕ್ಕಾಗಲ್ಲ ನಿಮ್ಗೆ."

"ಆಯ್ತು," ಅಂದ ಬೋರಣ್ಣ.

"ಇನ್ನೊಂದು," ಅಂದಳು ಚೂಡಾಮಣಿ. "ನನ್ನ ಹೆಸರು ಏಯ್ ಅಲ್ಲ. ಚೂಡಾಮಣಿ. ಇವತ್ತಿಂದ ಹೂರಣ ನಾನು ನೋಡ್ಕೊತೀನಿ. ಹಂಡೆ ತಿಕ್ಕೋದು ಎಲ್ಲರದೂ, ಸರದಿ ಮೇಲೆ. ನಿಮ್ದೂ ಒಂದು ಸರದಿ."

ಸಂಗೀತಾ ಸೆರಗು ಬಾಯಿಗೊತ್ತಿಕೊಂಡಳು. ಬೋರಣ್ಣ ತಾಯಿಯ ಕಡೆ ನೋಡಿದ. ಸೊಣ್ಣಮ್ಮ ಮಗುಚುವ ಕೈಯನ್ನು ಮಡಿಲಲ್ಲಿಟ್ಟುಕೊಂಡು ಫೋನಿನಲ್ಲಿ ಯಾರದೋ ನಂಬರು ಹುಡುಕುತ್ತಿದ್ದಳು. ಕಣ್ಣು ಕಾಣದೆ ಅದನ್ನು ಚೈತ್ರಳ ಕೈಗೆ ಕೊಟ್ಟು, "ನನ್ ಮಗ್ಳು ಹೆಸ್ರು ಎಲ್ಲೈತೆ ನೋಡವ್ವ," ಅಂದಳು.

ಎಲ್ಲರೂ ಇಳಿದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಉಳಿದವರು ಹೆಂಚಿನ ಕಡೆ ನಡೆದರು. ಚೂಡಾಮಣಿ ಹಿತ್ತಲಿಗೆ ಸುತ್ತಿ ಹೋಗಲಿಲ್ಲ. ಮುಂಬಾಗಿಲಿನಿಂದ, ಸಾಲಿನಲ್ಲಿ ನಿಂತ ಜನರ ನಡುವಿನಿಂದ, ಗಾಜಿನ ಕೌಂಟರ್ ದಾಟಿ ಒಳಗೆ ಬಂದಳು. ಬೆಂದ ಬೇಳೆಯನ್ನು ಎರಡೂ ಕೈಯಲ್ಲಿ ಬಾಚಿ ಗ್ರೈಂಡರಿಗೆ ಹಾಕಿದಳು. ಬೆಲ್ಲ ಹಾಕಿದಳು, ಏಲಕ್ಕಿ ಹಾಕಿದಳು. ಬೋರಣ್ಣ ಗೋಡೆಯ ಹತ್ತಿರ ನಿಂತಿದ್ದ. ಕೈ ಎಲ್ಲಿಡುವುದೆಂದು ಅವನಿಗೆ ತಿಳಿದಂತಿರಲಿಲ್ಲ.

"ಸ್ವಿಚ್ ಹಾಕಿ ಬೋರ ಸಾರ್," ಅಂದಳು ಚೂಡಾಮಣಿ. "ಈಗ ತುಂಬಿದೆ."